ಯೂನ್ಯನೋ, ಯೂನ್ಯಳೋ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ಹಳೆಯ ಕನ್ನಡ ಬೈಬಲ್‌ನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆ 16:7ರಲ್ಲಿ ‘ಅಂದ್ರೋನಿಕನಿಗೂ ಯೂನ್ಯನಿಗೂ’ ಎಂದಿದೆ. ಮೊನ್ನೆ ಪ್ರಸಂಗದಲ್ಲಿ ಸಭಾಪಾಲಕರು ಅದು ಹೆಂಗಸಿನ ಹೆಸರು ಎಂದರು. ಯಾವುದು ಸರಿ?
– ಓದುಗರು, ಶಾಂತಿನಗರ

ಉತ್ತರ: ಸಭಾಪಾಲಕರು ಹೇಳಿದ್ದೇ ಸರಿ. ಗ್ರೀಕ್ ಮೂಲದಲ್ಲಿ ಹೆಸರು ದ್ವಿತೀಯಾ ವಿಭಕ್ತಿಯಲ್ಲಿದೆ: ‘ಯೂನಿಯಾನ್’. ಉಚ್ಚಾರಣೆಯ ಒತ್ತು ‘ನಿ’ ಮೇಲೆ ಬಿದ್ದರೆ ಹೆಂಗಸು, ‘ಯಾ’ ಮೇಲೆ ಬಿದ್ದರೆ ಗಂಡಸು. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಒತ್ತಿನ ಗುರುತೇ ಇಲ್ಲ. ಕನ್ನಡದಲ್ಲಿ ಹಾಗೆ ಎರಡು ಅರ್ಥಕ್ಕೂ ತೆರೆದಿಡಲು ಬರುವುದಿಲ್ಲ. ‘ನಿಗೂ’ ಅನ್ನಬೇಕು, ಇಲ್ಲವೇ ‘ಳಿಗೂ’ ಅನ್ನಬೇಕು. ಹಾಗಾಗಿ ಒಂದೇ ಅಕ್ಷರದಲ್ಲಿ ಒಬ್ಬ ಹೆಂಗಸು ಮರೆಯಾದಳು.

ಯೂನಿಯಾ ಎಂಬುದು ರೋಮ್‌ನ ಹೆಂಗಸರಲ್ಲಿ ತೀರಾ ಸಾಮಾನ್ಯವಾದ ಹೆಸರು. ಆ ನಗರದಲ್ಲೇ 250ಕ್ಕೂ ಹೆಚ್ಚು ಉದಾಹರಣೆಗಳು ಸಿಕ್ಕಿವೆ. ‘ಯೂನಿಯಾಸ್’ ಎಂಬ ಗಂಡುಹೆಸರು ಆ ಕಾಲದ ಯಾವ ಶಾಸನದಲ್ಲೂ ಕಂಡಿಲ್ಲ. 4ನೇ ಶತಮಾನದ ಕೊನೆಯಲ್ಲಿ ಬೋಧಿಸುತ್ತಿದ್ದ ಕ್ರಿಸೊಸ್ತೊಮ್ ಗ್ರೀಕ್ ಮನೆಮಾತಿನವರು. ಅಪೊಸ್ತಲಳೆನಿಸಿಕೊಳ್ಳುವಷ್ಟು ಜ್ಞಾನ ಈ ಹೆಂಗಸಿಗಿತ್ತಲ್ಲ ಎಂದು ಅವರೇ ಕೊಂಡಾಡಿದ್ದಾರೆ. ವಿದ್ವಾಂಸರು ಬಳಸುವ ನೆಸ್ಲೆ ಗ್ರೀಕ್ ಆವೃತ್ತಿಯಲ್ಲಿ 1927ರಲ್ಲಿ ಗಂಡುರೂಪದ ಒತ್ತು ಸೇರಿತು, 1998ರ ಮುದ್ರಣದಲ್ಲಿ ಅದನ್ನು ತಿದ್ದಿದರು.

ಇಲ್ಲಿ ಎರಡು ವಾದಗಳನ್ನು ಕಲಸಬೇಡಿ. ಆಕೆ ಹೆಂಗಸು ಎಂಬುದನ್ನು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅದೇ ವಚನದ ಅರ್ಥ ‘ಅಪೊಸ್ತಲರಲ್ಲಿ ಹೆಸರಾದವಳು’ ಎಂದೋ, ‘ಅಪೊಸ್ತಲರಿಗೆ ಚೆನ್ನಾಗಿ ಗೊತ್ತಿದ್ದವಳು’ ಎಂದೋ ಎಂಬ ಚರ್ಚೆ ಇನ್ನೂ ನಡೆದಿದೆ. ಕ್ರಿಸೊಸ್ತೊಮ್ ಮೊದಲನೆಯ ಅರ್ಥವನ್ನೇ ಹಿಡಿದವರು. ನಮ್ಮ ಒಲವೂ ಅತ್ತಲೇ.

ಪೆನ್ಸಿಲ್ ಹಿಡಿದು ಆ ಅಧ್ಯಾಯವನ್ನು ಪೂರ್ತಿ ಓದಿ. ಫೊಯಿಬೆಯಿಂದ ಹಿಡಿದು ನೇರ್ಯನ ತಂಗಿಯವರೆಗೆ ಹತ್ತು ಹೆಂಗಸರಿದ್ದಾರೆ. ‘ಪ್ರಯಾಸಪಟ್ಟರು’ ಎಂಬ ಮಾತನ್ನು ಪೌಲನು ಅಲ್ಲಿ ಬಳಸಿರುವುದು ನಾಲ್ವರಿಗೆ, ನಾಲ್ವರೂ ಹೆಂಗಸರೇ. ಫೊಯಿಬೆಗೆ ಬಳಸಿದ ‘ದಿಯಾಕೊನೊಸ್’ ಎಂಬ ಪದವೇ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ 1:1ರಲ್ಲೂ ಇದೆ. ನಿಮ್ಮ ಬೈಬಲ್‌ನಲ್ಲಿ ಅಲ್ಲಿ ‘ಸಭಾಸೇವಕರು’ ಎಂದಿದ್ದು, ಇಲ್ಲಿ ಬರೀ ‘ಸೇವಕಿ’ ಎಂದಿದೆಯೇ? ಎರಡೂ ಪುಟ ತೆರೆದಿಟ್ಟು ಹೋಲಿಸಿ.

ಪ್ರಶ್ನೆ: ಮಗ್ದಲದ ಮರಿಯಳು ವೇಶ್ಯೆಯಾಗಿದ್ದಳೇ? ಸಂಡೇ ಸ್ಕೂಲ್ ಮಕ್ಕಳು ಕೇಳುತ್ತಾರೆ.
– ಶಿಕ್ಷಕಿ, ಕೆಂಗೇರಿ

ಉತ್ತರ: ಇಲ್ಲ. ಲೂಕ 7ರ ಪಾಪಿಯಾದ ಸ್ತ್ರೀಗೆ ಹೆಸರಿಲ್ಲ. ಮರಿಯಳ ಹೆಸರು ಬರುವುದು 8:2ರಲ್ಲಿ. ಇಬ್ಬರನ್ನೂ ಬೆಥಾನಿಯದ ಮರಿಯಳನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಿದ್ದು 591ರ ಸುಮಾರಿಗೆ ಪೋಪ್ ಗ್ರೆಗೊರಿಯವರ ಪ್ರಸಂಗ. ಕಥೋಲಿಕ ಸಭೆ 1969ರ ಪಂಚಾಂಗದಲ್ಲಿ ಆ ಗುರುತನ್ನು ಕೈಬಿಟ್ಟಿತು. 2016ರಲ್ಲಿ ಜುಲೈ 22ರ ಆಕೆಯ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳ ಸಾಲಿಗೇರಿಸಿತು. ಮಕ್ಕಳಿಗೆ ಯೋಹಾನ 20ನ್ನು ಓದಿಸಿ: ಪುನರುತ್ಥಾನದ ಸುದ್ದಿ ಹೊತ್ತು ಶಿಷ್ಯರ ಬಳಿಗೆ ಹೋದವಳು ಆಕೆಯೇ.

ಪ್ರಶ್ನೆ: ಪಂಡಿತಾ ರಮಾಬಾಯಿಯವರನ್ನು ಸಮಾಜ ಸುಧಾರಕಿ ಎನ್ನುತ್ತೇವೆ. ದೈವಶಾಸ್ತ್ರಕ್ಕೆ ಅವರ ಕೊಡುಗೆ ಏನಾದರೂ ಇದೆಯೇ?
– ಓದುಗರು, ಮಲ್ಲೇಶ್ವರ

ಉತ್ತರ: ಖಂಡಿತ ಇದೆ. ಅವರು ನಮ್ಮ ನೆಲದಲ್ಲೇ ಹುಟ್ಟಿದವರು: 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿ ತಮಗೆ ಕಲಿಸಿದ ಸಿಸ್ಟರ್‌ಗಳೊಂದಿಗೇ ತ್ರೈಯೇಕತ್ವದಂಥ ಸಿದ್ಧಾಂತಗಳ ಬಗ್ಗೆ ಪತ್ರಗಳಲ್ಲಿ ವಾದ ಮಾಡಿದರು. ಆಮೇಲೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಹಳ್ಳಿಯ ಹೆಂಗಸರಿಗೆ ತಿಳಿಯುವ ಸರಳ ಮರಾಠಿ ಬೇಕೆಂಬುದು ಅವರ ಹಟ. ಅಚ್ಚುಮೊಳೆ ಜೋಡಿಸಿದವರೂ ಅವರೇ ಕಟ್ಟಿದ ಕೆಡಗಾಂವ್‌ನ ಮುಕ್ತಿ ಆಶ್ರಮದ ಹೆಂಗಸರೇ. 1922ರ ಏಪ್ರಿಲ್ 5ರಂದು ತೀರಿಕೊಳ್ಳುವ ಹೊತ್ತಿಗೆ ಅನುವಾದ ಮುಗಿದಿತ್ತು. ಕೃಪೆಗೆ, ಆತ್ಮಕ್ಕೆ ಯಾವ ಪದ ಹಾಕಬೇಕೆಂದು ತೀರ್ಮಾನಿಸುವುದು ದೈವಶಾಸ್ತ್ರವಲ್ಲದೆ ಬೇರೇನು?

ಪ್ರಶ್ನೆ: ನಮ್ಮ ಸಭೆಯ ಇತಿಹಾಸ ಬರೆಯುತ್ತಿದ್ದೇವೆ. ಹಳೆಯ ಕಡತಗಳಲ್ಲಿ ಹೆಂಗಸರೇ ಸಿಗುತ್ತಿಲ್ಲ.
– ಸಭಾ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಮಿನಿಟ್ಸ್ ಪುಸ್ತಕದಿಂದ ಶುರು ಮಾಡಬೇಡಿ. ಸಮಿತಿಯಲ್ಲಿ ಹೆಂಗಸರಿಗೆ ಜಾಗವೇ ಇಲ್ಲದಿದ್ದ ಕಾಲದ ಮಿನಿಟ್ಸ್‌ನಲ್ಲಿ ಅವರು ಎಲ್ಲಿಂದ ಸಿಗಬೇಕು? ಮೊದಲು ಸಂಬಳದ ಲೆಕ್ಕ ನೋಡಿ. ಮನೆಮನೆಗೆ ಹೋಗಿ ಓದು ಕಲಿಸಿ ವಾಕ್ಯ ಹೇಳುತ್ತಿದ್ದ ಬೈಬಲ್ ವುಮನ್‌ಗಳಿಗೆ ಮಿಷನ್ ಹಣ ಕೊಡುತ್ತಿತ್ತು, ಹಣ ಕೊಟ್ಟಲ್ಲಿ ಲೆಕ್ಕ ಉಳಿಯುತ್ತದೆ. ಆಮೇಲೆ ದೀಕ್ಷಾಸ್ನಾನದ ರಿಜಿಸ್ಟರ್, ಅದರಲ್ಲೂ ಸಾಕ್ಷಿಗಳ ಕಾಲಂ. ಒಂದೇ ಕೈಬರಹದ ಹೆಂಗಸಿನ ಸಹಿ ಮತ್ತೆ ಮತ್ತೆ ಬಂದರೆ ಆಕೆ ಯಾರೆಂದು ವಿಚಾರಿಸಿ. ಮಿಷನ್‌ಗಳ ವಾರ್ಷಿಕ ವರದಿಗಳಿಗಾಗಿ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಕೇಳಿ. ಹೋಗುವ ಮುಂಚೆ ಸಭೆಯ ಲೆಟರ್‌ಹೆಡ್‌ನಲ್ಲಿ ಅನುಮತಿ ಕೋರಿ ಬರೆಯಿರಿ.

ಎಡವುವುದು ಹೆಸರಿನಲ್ಲಿ. ಹುಟ್ಟುಹೆಸರು, ದೀಕ್ಷಾಸ್ನಾನದ ಹೆಸರು, ಗಂಡನ ಹೆಸರಿನ ಜೊತೆ ‘ಮಿಸೆಸ್’ – ಒಬ್ಬಳೇ ಹೆಂಗಸು ಮೂವರಾಗಿಬಿಡುತ್ತಾಳೆ. ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಮಾಡಿ ಮೂರೂ ಹೆಸರು, ಊರು, ವರ್ಷ, ಪುಟಸಂಖ್ಯೆ ಬರೆದಿಡಿ. ಇಂಗ್ಲಿಷ್ ವರದಿಗಳಲ್ಲಿ ಕನ್ನಡ ಕೆಲಸ ‘ಕೆನರೀಸ್’ ಎಂಬ ತಲೆಬರಹದಡಿ, ತಮಿಳು ಕೆಲಸದಿಂದ ಬೇರೆಯಾಗಿ ಇರುತ್ತದೆ, ಎರಡನ್ನೂ ನೋಡಿ. ಮಿಷನರಿಯ ಹೆಂಡತಿ ವರ್ಷಗಟ್ಟಲೆ ಹೆಣ್ಣುಮಕ್ಕಳ ಶಾಲೆ ನಡೆಸಿದ್ದರೂ ಎಷ್ಟೋ ಕಡೆ ಮಿಷನರಿಗಳ ಪಟ್ಟಿಯಲ್ಲಿ ಆಕೆ ಇರುವುದಿಲ್ಲ, ಶಾಲೆಯ ವರದಿಯಲ್ಲಿ ಹುಡುಕಬೇಕು.

ಕಡತ ಕಾಯುತ್ತದೆ, ವಯಸ್ಸಾದವರು ಕಾಯಲಾರರು. ಸಭೆಯ ಎಂಬತ್ತು ದಾಟಿದ ಅಜ್ಜಿಯರ ಬಳಿಗೆ ಈ ವಾರವೇ ಹೋಗಿ. ಹಳೆಯ ಗುಂಪುಚಿತ್ರವನ್ನು ಮುಂದಿಟ್ಟು, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು ಕೇಳಿ ಬರೆದುಕೊಳ್ಳಿ. ಚಿತ್ರದ ಹಿಂದೆ ಪೆನ್ನಿನಿಂದ ಬರೆಯಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತದೆ.