ಬೈಕಿನ ಗಾಳಿ ದಾರಿಯಲ್ಲಿರುವ 'ಅಡ್ಡ' ತೆಗೆಸಬೇಕಾ?

ಪ್ರಶ್ನೆ: ಸರ್, ನನ್ನದು 2013ರ 150 ಸಿಸಿ ಕಾರ್ಬುರೇಟರ್ ಬೈಕ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕೆಲಸದ ಮೇಲೆ ಚಿತ್ರದುರ್ಗಕ್ಕೆ ಆಗಾಗ ಹೋಗಿ ಬರುತ್ತೇನೆ. ಈಗೀಗ ಪಿಕಪ್ ಇಲ್ಲ, ಹೈವೇಯಲ್ಲಿ 80 ದಾಟಿದರೆ ಎಳೆಯುವುದಿಲ್ಲ. ಒಂದು ವಿಡಿಯೋದಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಪೈಪಿನೊಳಗಿಂದ ರಿಂಗ್ ತೆಗೆದು, ರಿಸ್ಟ್ರಿಕ್ಟರ್ (ಗಾಳಿಗೆ ಇಟ್ಟ ಅಡ್ಡ) ಹೋಯಿತು, ಗಾಡಿ ಹಾರುತ್ತದೆ ಅಂತ ತೋರಿಸಿದ್ದರು. ನಮ್ಮ ಗ್ಯಾರೇಜಿನವರು ನಿಮ್ಮ ಗಾಡಿಯಲ್ಲೂ ಅಂಥದ್ದು ಎರಡು ಇವೆ ಅಂತಾರೆ. ಏರ್ ಫಿಲ್ಟರ್ ಬಾಕ್ಸಿನ ಬಾಯಿಗಿರುವ ರಬ್ಬರ್ ಕೊಳವೆ ಒಂದು, ಕಾರ್ಬುರೇಟರ್ ಪಕ್ಕದ ಕಪ್ಪು ಪ್ಲೇಟ್ ಇನ್ನೊಂದು. ಅರ್ಧ ಗಂಟೆ ಕೆಲಸವಂತೆ. ತೆಗೆಸಲಾ?
– ಓದುಗರು, ನಿಟುವಳ್ಳಿ, ದಾವಣಗೆರೆ

ಉತ್ತರ: ತೆಗೆಸಬೇಡಿ. ನೀವು ವಿಡಿಯೋದಲ್ಲಿ ನೋಡಿದ ರಿಂಗೇ ಬೇರೆ, ನಿಮ್ಮ ಗಾಡಿಯಲ್ಲಿರುವ ಆ ಎರಡು ವಸ್ತುಗಳೇ ಬೇರೆ.

ಯುರೋಪಿನಲ್ಲಿ ಹದಿನೆಂಟು ತುಂಬಿದವರಿಗೆ ಎ2 ಅನ್ನುವ ಲೈಸೆನ್ಸ್ ಸಿಗುತ್ತದೆ. ಅದರಲ್ಲಿ 35 ಕಿಲೋವ್ಯಾಟ್, ಅಂದರೆ ಸುಮಾರು 47 ಹಾರ್ಸ್ ಪವರ್‌ವರೆಗಿನ ಬೈಕ್ ಮಾತ್ರ ಓಡಿಸಬಹುದು. ಅದಕ್ಕಿಂತ ದೊಡ್ಡ ಬೈಕ್ ಕೊಂಡವರು ಅದನ್ನು ಆ ಮಿತಿಗೆ ಇಳಿಸಿಕೊಳ್ಳಬೇಕು. ಇಳಿಸುವ ಒಂದು ಸುಲಭ ದಾರಿ ಏನೆಂದರೆ, ಇನ್‌ಟೇಕ್ ರಬ್ಬರ್ ಒಳಗೆ ಸಣ್ಣ ತೂತಿನ ಲೋಹದ ವಾಷರ್ ಕೂರಿಸುವುದು. ನೀವು ವಿಡಿಯೋದಲ್ಲಿ ನೋಡಿದ ರಿಂಗ್ ಇದೇ. 26 ಮಿಲಿಮೀಟರ್ ಅಗಲದ ದಾರಿಗೆ 20 ಮಿಲಿಮೀಟರ್ ತೂತಿನ ವಾಷರ್ ಹಾಕಿದರೆ ದಾರಿಯ ವಿಸ್ತಾರ ಮೊದಲಿನ ಶೇ. 59ಕ್ಕೆ ಇಳಿಯುತ್ತದೆ. ಆಕ್ಸಿಲರೇಟರ್ ಸ್ವಲ್ಪವೇ ತಿರುಗಿಸಿದಾಗ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಆಗ ಕಾರ್ಬುರೇಟರ್ ಬಾಯಿಯೇ ಅದಕ್ಕಿಂತ ಕಿರಿದಾಗಿರುತ್ತದೆ. ಪೂರ್ತಿ ತಿರುಗಿಸಿ ಆರ್‌ಪಿಎಂ ಏರಿದಾಗ ಮಾತ್ರ ಎಂಜಿನ್ನಿಗೆ ಗಾಳಿ ಸಾಲದೆ ಅಲ್ಲಿಗೇ ನಿಲ್ಲುತ್ತದೆ. ಎರಡು ವರ್ಷ ಓಡಿಸಿ, ಮುಂದಿನ ಪರೀಕ್ಷೆ ಪಾಸಾಗಿ, ದೊಡ್ಡ ಲೈಸೆನ್ಸ್ ಬಂದ ಮೇಲೆ ವಾಷರ್ ತೆಗೆಯುತ್ತಾರೆ. ಅಂದರೆ ಆ ಎಂಜಿನ್ ಹುಟ್ಟಿದ್ದೇ ವಾಷರ್ ಇಲ್ಲದೆ. ಅದರ ಕಾರ್ಬುರೇಟರ್, ಸೈಲೆನ್ಸರ್, ಕೂಲಿಂಗ್ ಎಲ್ಲವೂ ಪೂರ್ತಿ ಶಕ್ತಿಗೆ ಲೆಕ್ಕ ಹಾಕಿ ಮಾಡಿದ್ದು. ವಾಷರ್ ತೆಗೆದರೆ ಗಾಡಿ ತನ್ನ ಮೂಲ ಸ್ಥಿತಿಗೆ ಬರುತ್ತದೆ, ಅಷ್ಟೇ.

ನಿಮ್ಮ ಗಾಡಿಗೆ ಇಂಥ ಲೈಸೆನ್ಸ್ ಲೆಕ್ಕವೇ ಇಲ್ಲ. ನಮ್ಮಲ್ಲಿ ಗೇರ್ ಬೈಕಿನ ಲೈಸೆನ್ಸ್ ಸಿಕ್ಕರೆ 100 ಸಿಸಿ ಆದರೂ ಓಡಿಸಿ, 650 ಆದರೂ ಓಡಿಸಿ. ಹಾಗಿದ್ದ ಮೇಲೆ ಕಂಪನಿಯವರು ಅಡ್ಡ ಯಾಕೆ ಇಡುತ್ತಾರೆ ಹೇಳಿ? ನಿಮ್ಮ ಗ್ಯಾರೇಜಿನವರು ತೋರಿಸಿದ ಆ ರಬ್ಬರ್ ಕೊಳವೆಯ ಉದ್ದ, ಅಗಲ, ಬಾಕ್ಸಿನ ಒಳಗಿನ ಜಾಗ, ಮೂರೂ ಒಂದಕ್ಕೊಂದು ಹೊಂದಿಸಿದ್ದು. ವಾಲ್ವ್ ತೆಗೆದು ಮುಚ್ಚುವಾಗ ಗಾಳಿಯಲ್ಲಿ ಅಲೆ ಏಳುತ್ತದೆ, ಆ ಅಲೆ ಸರಿಯಾದ ಹೊತ್ತಿಗೆ ವಾಪಸ್ ಬಂದು ಎಂಜಿನ್ನಿಗೆ ಗಾಳಿ ತುಂಬಲು ನೆರವಾಗುವಂತೆ ಈ ಅಳತೆ ಇಟ್ಟಿರುತ್ತಾರೆ, ಅದೂ ಊರೊಳಗೆ, ಹೈವೇಯಲ್ಲಿ ದಿನಾ ಬಳಕೆಯಾಗುವ ನಡುವಿನ ಆರ್‌ಪಿಎಂಗೆ. ಅದನ್ನು ಕಿತ್ತರೆ ಗಾಡಿಯ ಸದ್ದು ಜೋರಾಗುತ್ತದೆ, ಗಾಳಿ ಎಳೆಯುವ ಗುರ್ ಅನ್ನುವ ಸದ್ದು ನೇರ ಕಿವಿಗೆ ಬರುತ್ತದೆ. ಸದ್ದು ಜಾಸ್ತಿಯಾದರೆ ಸ್ಪೀಡ್ ಜಾಸ್ತಿಯಾಯಿತು ಅಂತಲೇ ಅನಿಸುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೂರನೇ ಗೇರಿನಲ್ಲಿ ಎತ್ತಿ ನೋಡಿ, ಆಗ ಎಳೆತ ಕಡಿಮೆಯಾದದ್ದು ಗೊತ್ತಾಗುತ್ತದೆ.

ಆ ಕಪ್ಪು ಪ್ಲೇಟ್ ವಿಷಯದಲ್ಲಂತೂ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅದು ರಿಸ್ಟ್ರಿಕ್ಟರ್ ಅಲ್ಲವೇ ಅಲ್ಲ. ಎಂಜಿನ್ನಿನ ಬಿಸಿ ಕಾರ್ಬುರೇಟರಿಗೆ ಹತ್ತಬಾರದು ಅಂತ ನಡುವೆ ಇಟ್ಟ ತಡೆ. ಅದನ್ನು ತೆಗೆದು ಕಾರ್ಬುರೇಟರನ್ನು ನೇರ ಹೆಡ್‌ಗೆ ಬಿಗಿದರೆ ಏಪ್ರಿಲ್ ಬಿಸಿಲಲ್ಲಿ ಪೆಟ್ರೋಲ್ ಕಾರ್ಬುರೇಟರ್ ಒಳಗೇ ಕಾಯುತ್ತದೆ, ಆವಿಯಾಗುತ್ತದೆ. ಭರಮಸಾಗರದಲ್ಲಿ ಟೀಗೆ ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಇನ್ನು ಪೆಟ್ರೋಲಿನ ಲೆಕ್ಕ. ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಅಳತೆ ಈಗ ಇರುವ ಗಾಳಿ ದಾರಿಗೆ ಹೊಂದಿಸಿದ್ದು. ದಾರಿ ದೊಡ್ಡದು ಮಾಡಿ ಜೆಟ್ ಹಾಗೇ ಬಿಟ್ಟರೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಊದುಗೊಳವೆಯಲ್ಲಿ ಊದುತ್ತಲೇ ಇದ್ದು ಒಲೆಗೆ ಕಟ್ಟಿಗೆ ಹಾಕದೇ ಇದ್ದ ಹಾಗೆ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥನಾಲಿಗೆ ಸುಮಾರು 9 ಪಾಲು ಸಾಕು. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತದ್ದು, ಅದಕ್ಕೆ ಬೇಕಾಗುವುದು ಸುಮಾರು 13.5. ಅಂದರೆ ನಿಮ್ಮ ಹಳೆಯ ಕಾರ್ಬುರೇಟರ್, ಏನೂ ಮುಟ್ಟದೇ ಇದ್ದರೂ, ಈಗಾಗಲೇ ಸ್ವಲ್ಪ ತೆಳು ಮಿಶ್ರಣವನ್ನೇ ಕೊಡುತ್ತಿದೆ. ಅದರ ಮೇಲೆ ಇನ್ನಷ್ಟು ಗಾಳಿ ಬಿಟ್ಟು ಹೈವೇಯಲ್ಲಿ ಫುಲ್ ರೇಸ್ ಕೊಟ್ಟು ಓಡಿಸಿದರೆ ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ಕೆಟ್ಟರೆ ಪಿಸ್ಟನ್ನೇ ಹೋಗುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ ಫಿಲ್ಟರ್ ಬಾಕ್ಸಿನ ಮುಚ್ಚಳವನ್ನೇ ತೆಗೆದು ಓಡಿಸುತ್ತಾರೆ. ಮೆಕ್ಕೆಜೋಳ ಒಕ್ಕಣೆ ಕಾಲದಲ್ಲಿ ನಮ್ಮ ರಸ್ತೆಗಳ ಧೂಳು ನಿಮಗೆ ಗೊತ್ತೇ ಇದೆ. ಆ ಧೂಳು ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಒಳಗೆ ಹೋದರೆ ಮರಳು ಕಾಗದ ಉಜ್ಜಿದಂತೆಯೇ.

ಹಾಗಾದರೆ 80ರ ಮೇಲೆ ಯಾಕೆ ಎಳೆಯುತ್ತಿಲ್ಲ? ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು 'ಈಗೀಗ' ಅನ್ನುವ ಮಾತು. ಕಂಪನಿ ಇಟ್ಟ ಅಡ್ಡವೇ ಕಾರಣ ಆಗಿದ್ದರೆ ಮೊದಲ ದಿನದಿಂದಲೇ ಎಳೆಯಬಾರದಿತ್ತು ಅಲ್ವಾ? ಇದು ಸವಕಳಿ. ಮೊದಲು ಕ್ಲಚ್ ನೋಡಿ: ಟಾಪ್ ಗೇರಿನಲ್ಲಿ ರೇಸ್ ಕೊಟ್ಟಾಗ ಸದ್ದು ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ ನೋಡಿ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಸಂದು), ಏರ್ ಫಿಲ್ಟರ್, ಚೈನು, ಟೈರಿನ ಗಾಳಿ ಎಲ್ಲ ಸಾಮಾನ್ಯ ಕೆಲಸ, ಒಂದೇ ದಿನದಲ್ಲಿ ಮುಗಿಯುತ್ತದೆ. ಈ ವಯಸ್ಸಿನ ಗಾಡಿಯಲ್ಲಿ ಕಾರ್ಬುರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಸೀಳು ಬಿಟ್ಟಿರುವುದೂ ತುಂಬಾ ಸಾಮಾನ್ಯ. ಬಿಚ್ಚಿ, ಬೆಳಕಿನಲ್ಲಿ ಬಗ್ಗಿಸಿ ನೋಡಿದರೆ ಸೀಳು ಕಾಣುತ್ತದೆ. ಅದರಿಂದ ಕಳ್ಳಗಾಳಿ ಒಳಗೆ ಹೋಗುತ್ತಿದ್ದರೆ ಐಡ್ಲಿಂಗ್ ನಿಲ್ಲುವುದಿಲ್ಲ, ಮಿಸ್ಸಿಂಗ್ ಬರುತ್ತದೆ. ಹೊಸ ರಬ್ಬರ್ ಹಾಕಿಸಿ. ಪ್ಲಗ್ ಬಿಚ್ಚಿ ಬಣ್ಣ ನೋಡಿ: ತಿಳಿ ಕಂದು ಇದ್ದರೆ ಸರಿ, ಸುಣ್ಣದಂತೆ ಬಿಳಿ ಇದ್ದರೆ ಮಿಶ್ರಣ ತೆಳು, ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಇಷ್ಟೂ ಆದ ಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒಳಗಿನ ಒತ್ತಡದ ಅಳತೆ, ಮಾಡಿಸಿ. ಒತ್ತಡ ಇಳಿದಿದ್ದರೆ ಪಿಸ್ಟನ್ ರಿಂಗ್, ವಾಲ್ವ್ ಕೆಲಸಕ್ಕೆ ದುಡ್ಡು ಹಾಕಿ, ಅದು ಸಾರ್ಥಕ.

ಇನ್ನೊಂದು ವಿಷಯ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯೇ ಶೇ. 6ರಷ್ಟು ತೆಳು, ಎಂಜಿನ್ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕಂಪನಿ ಪುಸ್ತಕದಲ್ಲಿರುವ ಟಾಪ್ ಸ್ಪೀಡಿಗೆ ನಿಮ್ಮ ಗಾಡಿಯನ್ನು ಹೋಲಿಸಬೇಡಿ.

ಪ್ರಶ್ನೆ: ನಮ್ಮ ತಂದೆಯವರ ಯಮಹಾ ಆರ್‌ಎಕ್ಸ್ 100 ಇದೆ. ರೀಡ್ ವಾಲ್ವ್ ಮೇಲಿರುವ ಸ್ಟೀಲ್ ಪಟ್ಟಿಗಳನ್ನು ತೆಗೆದರೆ ಪಿಕಪ್ ಬರುತ್ತದೆ ಅಂತಾರೆ, ನಿಜವಾ?
– ಓದುಗರು, ಹೊಳಲ್ಕೆರೆ

ಉತ್ತರ: ದಯವಿಟ್ಟು ಮುಟ್ಟಬೇಡಿ. ರೀಡ್ ವಾಲ್ವ್ ಅಂದರೆ ಗಾಳಿಯನ್ನು ಎಂಜಿನ್ ಒಳಗೆ ಮಾತ್ರ ಬಿಡುವ ತೆಳ್ಳನೆಯ ಎಲೆ. ಅದು ಮಿತಿಗಿಂತ ಹೆಚ್ಚು ತೆರೆಯದಂತೆ ತಡೆಯುವ ಸ್ಟಾಪರ್ ಆ ಪಟ್ಟಿ. ತೆಗೆದರೆ ಎಲೆ ಮಿತಿ ಮೀರಿ ಬಾಗುತ್ತದೆ, ಕೆಲವು ದಿನಕ್ಕೆ ತುದಿ ಒಡೆಯುತ್ತದೆ, ಆ ಚೂರು ನೇರ ಕ್ರ್ಯಾಂಕಿಗೆ ಇಲ್ಲವೇ ಬೋರಿಗೆ ಹೋಗುತ್ತದೆ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ, ಒಳ್ಳೆಯ ಬಿಡಿಭಾಗ ಹುಡುಕುವುದೇ ಕಷ್ಟ. ನಿಮ್ಮ ಗಾಡಿ ಮೊದಲಿನಂತೆ ಎಳೆಯುತ್ತಿಲ್ಲವಾದರೆ ಸೈಲೆನ್ಸರ್ ಬಿಚ್ಚಿ ಒಳಗಿನ ಕಾರ್ಬನ್ ತೆಗೆಸಿ. ಟೂ ಸ್ಟ್ರೋಕ್‌ನಲ್ಲಿ ಅಲ್ಲಿ ಕಟ್ಟಿಕೊಂಡರೆ ಗಾಡಿ ಏಳುವುದೇ ಇಲ್ಲ.

ಪ್ರಶ್ನೆ: ನನ್ನದು ಬಿಎಸ್6 ಬೈಕ್. ಇಂಜೆಕ್ಷನ್ ಇರುವುದರಿಂದ ಕಂಪ್ಯೂಟರೇ ಪೆಟ್ರೋಲ್ ಹೊಂದಿಸಿಕೊಳ್ಳುತ್ತದೆ, ಏರ್ ಬಾಕ್ಸ್ ಕೊಳವೆ ತೆಗೆದರೆ ತೊಂದರೆ ಇಲ್ಲ ಅಂತ ಗೆಳೆಯರು ಹೇಳುತ್ತಾರೆ.
– ಓದುಗರು, ಚಿತ್ರದುರ್ಗ

ಉತ್ತರ: ಅರ್ಧ ನಿಜ. ನಿಧಾನವಾಗಿ ಒಂದೇ ವೇಗದಲ್ಲಿ ಹೋಗುವಾಗ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಅನ್ನುವ ಆ ಕಂಪ್ಯೂಟರ್ ಪೆಟ್ರೋಲ್ ಸರಿಪಡಿಸುತ್ತದೆ. ಫುಲ್ ರೇಸ್ ಕೊಟ್ಟಾಗ ಹಾಗಲ್ಲ, ಮೊದಲೇ ಬರೆದಿಟ್ಟ ಲೆಕ್ಕದ ಮೇಲೆ ಓಡುತ್ತದೆ. ನಿಮಗೆ ಶಕ್ತಿ ಬೇಕಾಗಿರುವುದೇ ಆಗ, ಅಲ್ವಾ? ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿಯ ನಂತರ ಅಂಥ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ಇನ್ಶೂರೆನ್ಸಿನವರು ಇದನ್ನೇ ಹಿಡಿದು ತಕರಾರು ತೆಗೆಯಬಹುದು. ಈಗಾಗಲೇ ತೆಗೆಸಿದ್ದರೆ, ಆ ಕೊಳವೆ ಇನ್ನೂ ಗ್ಯಾರೇಜಿನಲ್ಲಿ ಇದ್ದರೆ ವಾಪಸ್ ಹಾಕಿಸಿಕೊಳ್ಳಿ.