ಅಪ್‌ಡೇಟ್ ತೆಗೆಯಬೇಡಿ, ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ

ವಿಂಡೋಸ್ ಸೆಕ್ಯುರಿಟಿ ಅಪ್‌ಡೇಟ್ ಆದಮೇಲೆ ಪಿಡಿಎಫ್ ಪ್ರಿವ್ಯೂ (ಫೈಲ್ ತೆರೆಯದೆಯೇ ಫೋಲ್ಡರಿನ ಬಲಗಡೆ ಕಾಣುವ ನೋಟ) ಕಾಣುತ್ತಿಲ್ಲ, ಅಪ್‌ಡೇಟ್ ತೆಗೆಯಲೋ, ವಿಂಡೋಸ್ ಹೊಸದಾಗಿ ಹಾಕಿಸಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಎರಡನೆಯದನ್ನು ನಾನು ಮಾಡಿ ಅನುಭವಿಸಿದ್ದೇನೆ.

ಬಾಗಲಕೋಟೆ ನವನಗರದಲ್ಲಿ ನನ್ನದು ಡಿಟಿಪಿ ಅಂಗಡಿ. 2025ರ ದೀಪಾವಳಿ ಮುಗಿದಿತ್ತು. ತುಳಸಿ ಲಗ್ನ ಆಯಿತೆಂದರೆ ಲಗ್ನಪತ್ರಿಕೆಯವರು ಸಾಲುಗಟ್ಟುತ್ತಾರೆ. ವಾಟ್ಸಾಪ್ ವೆಬ್‌ನಿಂದ ಇಳಿಸಿದ ಫೈಲುಗಳಿಗೆಲ್ಲ ಒಂದೇ ತರಹದ ಹೆಸರು, ಬಲಗಡೆಯ ಪ್ರಿವ್ಯೂ ನೋಡಿಯೇ ಯಾರದು ಅಂತ ಗುರುತು ಹಿಡಿಯುತ್ತಿದ್ದೆ. ಒಂದು ಮುಂಜಾನೆ ಅಲ್ಲಿ ಪತ್ರಿಕೆಯ ಬದಲು ‘ಈ ಫೈಲ್ ಕಂಪ್ಯೂಟರಿಗೆ ಹಾನಿ ಮಾಡಬಹುದು’ ಅನ್ನುವ ಎಚ್ಚರಿಕೆ. ವೈರಸ್ ಹೊಕ್ಕಿದೆ ಅಂದುಕೊಂಡೆ. ಗ್ರಾಹಕರ ಫೋಲ್ಡರನ್ನು ಡಿ ಡ್ರೈವಿಗೆ ಹಾಕಿ, ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದೆ.

ನಾನು ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ನಾನೇ ಟೈಪ್ ಮಾಡಿ, ನಾನೇ ಪಿಡಿಎಫ್ ಮಾಡಿದ ಫೈಲುಗಳ ಪ್ರಿವ್ಯೂ ಅವತ್ತೂ ಸರಿಯಾಗಿಯೇ ಬರುತ್ತಿತ್ತು. ಹೊರಗಿನಿಂದ ಬಂದವಕ್ಕೆ ಮಾತ್ರ ತಡೆ. ಅವನ್ನೂ ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತಿದ್ದವು. ಪ್ರಿವ್ಯೂನೇ ಕೆಟ್ಟಿದ್ದರೆ ಎಲ್ಲದಕ್ಕೂ ಕೆಡಬೇಕಿತ್ತಲ್ಲ? ಒಂದು ನನ್ನ ಫೈಲು, ಒಂದು ಗ್ರಾಹಕರ ಫೈಲು, ಎರಡನ್ನೂ ಒತ್ತಿ ನೋಡಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ನೋಡಲಿಲ್ಲ. ಹೋಗಲಿ, ಫಾರ್ಮ್ಯಾಟಿಗೆ ಮೊದಲು ಡೆಸ್ಕ್‌ಟಾಪ್ ಆದರೂ ನೋಡಿದೆನೇ? ಡೆಸ್ಕ್‌ಟಾಪ್ ಸಿ ಡ್ರೈವಿನಲ್ಲೇ ಇರುತ್ತದೆ ಅಂತ ಗೊತ್ತಿದ್ದೂ ನೋಡಲಿಲ್ಲ. ಬೀಳಗಿ ಕಡೆಯ ಒಬ್ಬರ ತಿದ್ದಿದ ಪತ್ರಿಕೆ ಅಲ್ಲಿತ್ತು.

ಆಮೇಲೆ ಡಿ ಡ್ರೈವಿನಲ್ಲಿದ್ದ ಹಳೇ ಪ್ರೂಫನ್ನೇ ಕೊನೆಯದೆಂದು ನಂಬಿ 600 ಪತ್ರಿಕೆ ಒತ್ತಿಬಿಟ್ಟೆ. ಅಕ್ಷತಾ ಸಮಯ 11-20 ಅಂತ ತಿದ್ದಿಸಿದ್ದರು, ಒತ್ತಿದ್ದು 12-35. ಹುಡುಗಿಯ ಅಪ್ಪ ಕಟ್ಟು ಬಿಚ್ಚಿ ಒಂದನ್ನು ಓದಿ, ‘ತಮ್ಮಾ, ಮಂದಿ ಬರೋದ್ರಾಗ ಅಕ್ಕಿಕಾಳ ಬಿದ್ದು ಹೋಗಿರ್ತಾವಲ್ಲೋ’ ಅಂದರು. ಬೈಯಲಿಲ್ಲ. ಅಷ್ಟನ್ನೂ ನನ್ನ ಖರ್ಚಿನಲ್ಲೇ ಮತ್ತೆ ಒತ್ತಿಕೊಟ್ಟೆ. ಅವರು ಹಂಚಲು ಇಟ್ಟುಕೊಂಡಿದ್ದ ನಾಲ್ಕು ದಿನ ಮಾತ್ರ ಹೋದವು.

ಇಷ್ಟಾಗಿ ಫಾರ್ಮ್ಯಾಟಿನಿಂದ ಬಂದ ಲಾಭ ಎರಡು ದಿನದ್ದು. ಹಳೇ ಪೆನ್‌ಡ್ರೈವಿನಿಂದ ಹಾಕಿದ ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಆಯಿತು, ಪ್ರಿವ್ಯೂ ಮತ್ತೆ ಬಂದ್.

ಯಾಕೆಂದರೆ ಅದು ಕೆಟ್ಟಿದ್ದಲ್ಲ, ಬೇಕೆಂದೇ ಮುಚ್ಚಿದ್ದು. ಇಂಟರ್ನೆಟ್ಟಿನಿಂದ ಇಳಿದ ಫೈಲಿಗೆ ವಿಂಡೋಸ್ ಒಂದು ಗುರುತು ಅಂಟಿಸುತ್ತದೆ. 2025ರ ಅಕ್ಟೋಬರ್ 14ರಿಂದ ಬಂದ ಅಪ್‌ಡೇಟ್‌ಗಳಲ್ಲಿ ಮೈಕ್ರೋಸಾಫ್ಟ್ ಆ ಗುರುತಿನ ಫೈಲುಗಳಿಗೆ ಪ್ರಿವ್ಯೂ ನಿಲ್ಲಿಸಿದೆ. ಫೈಲಿನೊಳಗೆ ಹೊರಗಿನ ಸರ್ವರಿನ ವಿಳಾಸ ಅಡಗಿಸಿಟ್ಟಿದ್ದರೆ, ತೆರೆಯುವುದೇ ಬೇಡ, ಬರೀ ಪ್ರಿವ್ಯೂಗೇ ವಿಂಡೋಸ್ ಆ ಸರ್ವರಿಗೆ ನಿಮ್ಮ ಲಾಗಿನ್‌ನ ಎನ್‌ಟಿಎಲ್‌ಎಂ ಹ್ಯಾಶ್ (ಪಾಸ್‌ವರ್ಡಿನಿಂದ ಮಾಡಿದ ಗುಪ್ತ ರೂಪ, ಕಳ್ಳರಿಗೆ ಇದೂ ಸಾಕಾಗಬಹುದು) ಕಳಿಸಿಬಿಡಬಹುದು. ದಿನವಿಡೀ ಗುರುತಿಲ್ಲದವರ ಫೈಲು ಬರುವ ನನ್ನಂಥ ಅಂಗಡಿಗೆ ಈ ತಡೆ ಇರಲೇಬೇಕು. ಅಪ್‌ಡೇಟ್ ತೆಗೆದರೆ ಇದೊಂದೇ ಅಲ್ಲ, ಅದರ ಜೊತೆ ಬಂದ ಉಳಿದ ರಕ್ಷಣೆಗಳೂ ಹೋಗುತ್ತವೆ.

ನೀವು ಮಾಡಬೇಕಾದದ್ದು ಇಷ್ಟೇ: ಕಳಿಸಿದವರು ಗೊತ್ತಿದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗಡೆ ಅನ್‌ಬ್ಲಾಕ್‌ಗೆ ಟಿಕ್, ಓಕೆ. ವಿಂಡೋಸ್‌ಗೆ ಟೈಪ್ ಮಾಡಿ ಆಜ್ಞೆ ಕೊಡುವ ಪವರ್‌ಶೆಲ್‌ನಲ್ಲಿ ಇಡೀ ಫೋಲ್ಡರನ್ನೇ ಒಮ್ಮೆಲೇ ಬಿಡಿಸಲು ಬರುತ್ತದೆ, ಆದರೆ ಡೌನ್‌ಲೋಡ್ಸ್ ಫೋಲ್ಡರಿಗೆ ಅದನ್ನು ಮಾಡಲೇಬೇಡಿ, ಗುರುತಿಲ್ಲದವರ ಫೈಲುಗಳ ತಡೆಯೂ ಹೋಗುತ್ತದೆ. ಟಿಕ್ ಮಾಡಿದ ಕೂಡಲೇ ಪ್ರಿವ್ಯೂ ಬರದಿದ್ದರೆ ಗಾಬರಿ ಬೇಡ, ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಬಂದು ನೋಡಿ.