ಪೈಥಾನ್ ಇದೆ, ಪೈಥಾನ್.ಎಚ್ ಎಲ್ಲಿ?

ಪ್ರಶ್ನೆ: ಉಬುಂಟು 24.04ರಲ್ಲಿ ಒಂದು ಪೈಥಾನ್ ಮಾಡ್ಯೂಲನ್ನು ಸೋರ್ಸ್‌ನಿಂದ ಕಂಪೈಲ್ ಮಾಡುತ್ತಿದ್ದೇನೆ. ‘ಫೇಟಲ್ ಎರರ್: ಪೈಥಾನ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ನಿಂತುಬಿಡುತ್ತದೆ. ಪೈಥಾನ್ ಏನೋ ಚೆನ್ನಾಗಿಯೇ ಓಡುತ್ತಿದೆ. ಅದನ್ನು ತೆಗೆದು ಮತ್ತೆ ಹಾಕಲಾ? ಇಲ್ಲಾ ಆ ಫೈಲೊಂದನ್ನೇ ನೆಟ್‌ನಿಂದ ಇಳಿಸಿಕೊಳ್ಳಲಾ?

ಉತ್ತರ: ದಯವಿಟ್ಟು ಎರಡೂ ಬೇಡ. ಉಬುಂಟುವಿನ ಎಷ್ಟೋ ಕೆಲಸಗಳು ಆ ಪೈಥಾನ್ ಮೇಲೇ ನಿಂತಿವೆ, ತೆಗೆದರೆ ಸಿಸ್ಟಮ್ಮೇ ಕೆಡಬಹುದು. ಇನ್ನು ಪೈಥಾನ್.ಎಚ್ ಒಂದು ಹೆಡರ್, ಅಂದರೆ ಕಂಪೈಲ್ ಮಾಡುವಾಗ ಮಾತ್ರ ಬೇಕಾಗುವ ಫೈಲ್. ನೆಟ್‌ನ ಹೆಡರ್ ಬೇರೆ ಆವೃತ್ತಿಯದಾದರೆ ಕಂಪೈಲ್ ಆದರೂ ಆಗಬಹುದು, ಆಮೇಲೆ ಓಡಿಸುವಾಗ ಕುಸಿಯಬಹುದು. ಆ ತಪ್ಪು ಹುಡುಕುವುದು ತುಂಬಾ ಕಷ್ಟ.

ಪ್ರೋಗ್ರಾಂ ಓಡಿಸಲು ಬೇಕಾದ್ದು ಒಂದು ಪ್ಯಾಕೇಜಿನಲ್ಲಿರುತ್ತದೆ, ಕಂಪೈಲ್ ಮಾಡಲು ಬೇಕಾದ ಹೆಡರ್‌ಗಳು ಇನ್ನೊಂದರಲ್ಲಿ. ಆ ಇನ್ನೊಂದರ ಹೆಸರಿಗೆ ‘ಡೆವ್’ ಎಂಬ ಬಾಲ ಇರುತ್ತದೆ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ಡೆವ್’ ಕೊಡಿ, ಸಾಕು. ಫೆಡೋರಾದಲ್ಲಿ ಆ ಬಾಲ ‘ಡೆವೆಲ್’. ಒಂದು ಎಚ್ಚರ: ಇದು 3.12ರ ಹೆಡರ್ ತರುತ್ತದೆ. ನೀವು ಬೇರೆ ಆವೃತ್ತಿ ಬಳಸುತ್ತಿದ್ದರೆ ಅದರದೇ ಡೆವ್ ಬೇಕು.

ಮುಂದೆ ಇನ್ಯಾವುದೋ ಹೆಡರ್ ಇಲ್ಲ ಅಂದರೆ ಹೆಸರು ಊಹಿಸುತ್ತಾ ಕೂರಬೇಡಿ. ‘ಆಪ್ಟ್-ಫೈಲ್’ ಎಂಬ ಸಾಧನ ಹಾಕಿಕೊಂಡು, ಒಮ್ಮೆ ಅದರ ಪಟ್ಟಿಯನ್ನು ಅಪ್‌ಡೇಟ್ ಮಾಡಿ, ಫೈಲಿನ ಹೆಸರು ಕೊಟ್ಟು ಸರ್ಚ್ ಮಾಡಿ. ಅದು ಯಾವ ಪ್ಯಾಕೇಜಿನಲ್ಲಿದೆ ಅಂತ ಅದೇ ಹೇಳುತ್ತದೆ.

ಡೆವ್ ಪ್ಯಾಕೇಜ್ ಇದ್ದೂ ಇದೇ ಎರರ್ ಬರುವುದುಂಟು. ನನಗೆ ಫ್ರೀಟೈಪ್ ಎಂಬ ಫಾಂಟ್ ಲೈಬ್ರರಿಯಲ್ಲಿ ಹೀಗಾಗಿ ಒಂದು ಸಂಜೆ ಪೂರ್ತಿ ಹೋಯಿತು. ‘ಎಫ್‌ಟಿ2ಬಿಲ್ಡ್.ಎಚ್’ ಇಲ್ಲ ಅಂತ ಕಂಪೈಲರ್ ಹೇಳುತ್ತಿತ್ತು. ‘ಫೈಂಡ್’ ಕೊಟ್ಟರೆ ಫೈಲ್ ಕಣ್ಣೆದುರೇ ಇತ್ತು, ಆದರೆ ‘/ಯುಎಸ್ಆರ್/ಇನ್‌ಕ್ಲೂಡ್’ ಒಳಗಿನ ‘ಫ್ರೀಟೈಪ್2’ ಫೋಲ್ಡರಿನಲ್ಲಿ. ಕಂಪೈಲರ್ ಇನ್‌ಕ್ಲೂಡ್ ಫೋಲ್ಡರ್ ನೋಡುತ್ತದೆ, ಅದರೊಳಗಿನ ಫೋಲ್ಡರುಗಳನ್ನು ತಾನಾಗಿ ಜಾಲಾಡುವುದಿಲ್ಲ. ಲೈಬ್ರರಿಗೆ ಬೇಕಾದ ಕಂಪೈಲ್ ಆಯ್ಕೆಗಳನ್ನು ಹೇಳುವ ‘ಪಿಕೆಜಿ-ಕಾನ್ಫಿಗ್ --ಸಿಫ್ಲ್ಯಾಗ್ಸ್ ಫ್ರೀಟೈಪ್2’ ಕೊಟ್ಟೆ. ಹೈಫನ್ ಮತ್ತು ದೊಡ್ಡ ‘ಐ’ಯಿಂದ ಶುರುವಾಗುವ ದಾರಿಯನ್ನು ಅದು ಬರೆದುಕೊಟ್ಟಿತು. ಅದನ್ನು ಕಂಪೈಲ್ ಆಜ್ಞೆಗೆ ಸೇರಿಸಿದ ಕೂಡಲೇ ಕೆಲಸ ಮುಂದಕ್ಕೆ ಹೋಯಿತು.

ಎರರ್‌ಗಳು ನೂರು ಸಾಲು ಬಂದರೂ ಮೊದಲನೆಯದನ್ನೇ ಓದಿ, ಉಳಿದವು ಬಹಳ ಸಲ ಅದರ ಮಕ್ಕಳು. ಡೆವ್ ಹಾಕಿದ ಮೇಲೆ ಹಳೆಯ ಬಿಲ್ಡ್ ಫೋಲ್ಡರ್ ಅಳಿಸಿ ಮೊದಲಿನಿಂದ ಶುರು ಮಾಡಿ. ಸಿಮೇಕ್‌ನಂಥ ಬಿಲ್ಡ್ ಸಾಧನಗಳು ಹಿಂದಿನ ಸಲ ‘ಸಿಗಲಿಲ್ಲ’ ಅಂದದ್ದನ್ನು ಕೆಲವೊಮ್ಮೆ ನೆನಪಿಟ್ಟುಕೊಂಡಿರುತ್ತವೆ.